ಸ್ಟೀಲ್ ಲೋಟದಲ್ಲಿ ಸಿನಿಮಾಸ್ಕೋಪ್

ನಮಸ್ಕಾರ. ವೀಕ್ಷಕರೊಬ್ಬರ ಪ್ರಶ್ನೆ: “ಟಿವಿಯಲ್ಲಿ 1940ರ ಹಾಲಿವುಡ್ ಚಿತ್ರ ಹಾಕಿದರೆ ಎಡಬಲಕ್ಕೆ ಕಪ್ಪು ಪಟ್ಟಿ, 1960ರದು ಹಾಕಿದರೆ ಮೇಲೆ ಕೆಳಗೆ. ನಡುವೆ ಏನಾಯಿತು?”

ಆದದ್ದು ಟಿವಿಯೇ! 1932ರಿಂದ ಹಾಲಿವುಡ್‌ನ ಅಳತೆ ಎತ್ತರ 1, ಅಗಲ 1.37. ಯುದ್ಧ ಮುಗಿದ ಮೇಲೆ ಅಮೆರಿಕದ ಮನೆ ಹೊಕ್ಕ ಟಿವಿಯ ಪರದೆಯೂ ಹೆಚ್ಚುಕಡಿಮೆ ಅದೇ ಆಕಾರ. ಬಿಟ್ಟಿ ಸಿಗುವಾಗ ದುಡ್ಡು ಕೊಟ್ಟು ಯಾರು ಬರುತ್ತಾರೆ? ಮನೆಯಲ್ಲಿ ಹಿಡಿಸಲಾಗದ ಅಗಲವೇ ಬೇಕಾಯಿತು.

1952ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿಗೆ ಸಿನೆರಾಮಾ ಬಂತು. ಮೂರು ಪ್ರೊಜೆಕ್ಟರ್, ಬಾಗಿದ ಪರದೆ. ಜನ ಮುಗಿಬಿದ್ದರು, ಆದರೆ ಮೂರು ಚಿತ್ರಗಳು ಕೂಡುವಲ್ಲಿ ಹೊಲಿಗೆ ಕಾಣುತ್ತಿತ್ತು. ಖರ್ಚಂತೂ ಸಾಧಾರಣ ಥಿಯೇಟರಿಗೆ ಎಟುಕುವಂಥದ್ದಲ್ಲ.

(ಕೈಯಲ್ಲಿ ಸ್ಟೀಲ್ ಲೋಟ)

ಈಗ ನನ್ನ ಪ್ರೀತಿಯ ಭಾಗ. ಅಡುಗೆಮನೆಯಿಂದ ಇಂಥದ್ದೊಂದು ಲೋಟ ತನ್ನಿ. ನೆಟ್ಟಗೆ ಹಿಡಿದು ಮುಖ ನೋಡಿಕೊಳ್ಳಿ. ಉದ್ದ ಉದ್ದವಾಗಿಯೇ ಇದೆ, ಅಗಲ ಮಾತ್ರ ಮಾಯ. ತಿಂಗಳಿಡೀ ಉಪವಾಸ ಮಾಡಿದ ಮುಖ! ಲೋಟ ಅಡ್ಡಡ್ಡಕ್ಕೆ ಮಾತ್ರ ಬಾಗಿರುವುದರಿಂದ ಹೀಗೆ. ಫ್ರಾನ್ಸಿನ ಆನ್ರಿ ಕ್ರೆಟಿಯೆನ್ 1920ರ ದಶಕದಲ್ಲೇ ಮಾಡಿದ ಮಸೂರದ ಗುಟ್ಟೂ ಇಷ್ಟೇ: ಎರಡರಷ್ಟು ಅಗಲದ ನೋಟವನ್ನು ಹಿಂಡಿ ಮಾಮೂಲಿ 35 ಎಂಎಂ ಫಿಲ್ಮಿನೊಳಗೆ ಕೂರಿಸುವುದು. ಆ ಫಿಲ್ಮನ್ನು ಬೆಳಕಿಗೆ ಹಿಡಿದರೆ ಮನುಷ್ಯರೆಲ್ಲ ಊದಿನಕಡ್ಡಿ, ರಥದ ಚಕ್ರ ನೆಟ್ಟಗೆ ನಿಲ್ಲಿಸಿದ ಮೊಟ್ಟೆ. ಪ್ರೊಜೆಕ್ಟರಿನ ಮುಂದೆ ಉಲ್ಟಾ ಕೆಲಸ ಮಾಡುವ ಮಸೂರ ಇಟ್ಟರೆ ಎಲ್ಲರೂ ಮತ್ತೆ ಮೈತುಂಬಿಕೊಳ್ಳುತ್ತಾರೆ.

ಒಂದೆರಡು ಪ್ರಯೋಗ ಬಿಟ್ಟರೆ ಕಾಲು ಶತಮಾನ ಮೂಲೆಯಲ್ಲಿದ್ದ ಈ ಮಸೂರವನ್ನು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಹುಡುಕಿಕೊಂಡು ಹೋಗಿ ತಂದಿತು. 1953ರ ಸೆಪ್ಟೆಂಬರ್ 16ರಂದು ‘ದ ರೋಬ್’ ತೆರೆಕಂಡಿತು. ಎತ್ತರ 1, ಅಗಲ 2.55. ಹೆಸರು ಸಿನಿಮಾಸ್ಕೋಪ್.

ಒಂದು ಕಾಯಿಲೆಯೂ ಜೊತೆಗೆ ಬಂತು. ನಟರ ಮುಖ ಕ್ಯಾಮೆರಾಕ್ಕೆ ತೀರ ಹತ್ತಿರ ಬಂದಾಗ ಮಸೂರ ಪೂರ್ತಿ ಎರಡು ಪಟ್ಟು ಹಿಂಡುತ್ತಿರಲಿಲ್ಲ. ಪ್ರೊಜೆಕ್ಟರಿಗೆ ಅದೇನು ಗೊತ್ತು? ಅದು ಲೆಕ್ಕದ ಪ್ರಕಾರ ಎರಡು ಪಟ್ಟು ಹಿಗ್ಗಿಸುತ್ತಿತ್ತು. ನಾಯಕಿಯ ಕೆನ್ನೆ ಊದಿಕೊಳ್ಳುತ್ತಿತ್ತು. ಹಾಲಿವುಡ್‌ನವರು ಇದಕ್ಕಿಟ್ಟ ಹೆಸರು, ನಾನು ತಮಾಷೆ ಮಾಡುತ್ತಿಲ್ಲ, ಮಂಗನಬಾವು! ಪ್ರಣಯದ ದೃಶ್ಯದಲ್ಲಿ ಇಬ್ಬರಿಗೂ ಒಟ್ಟಿಗೆ. ಪ್ಯಾನವಿಷನ್ ಕಂಪನಿಯ ಮಸೂರಗಳಿಂದ 1950ರ ದಶಕದ ಕೊನೆಗೆ ಇದು ವಾಸಿಯಾಯಿತು.

ಸಮಯ ಮೀರುತ್ತಿದೆ, ಉಳಿದದ್ದು ಓಡುತ್ತಾ ಹೇಳುತ್ತೇನೆ. ಫಿಲ್ಮನ್ನು ಅಡ್ಡಡ್ಡ ಓಡಿಸುವ ವಿಸ್ಟಾವಿಷನ್ 1954ರಲ್ಲಿ, 70 ಎಂಎಂನ ಟಾಡ್-ಎಓ 1955ರಲ್ಲಿ. ಇದಾವುದೂ ಬೇಡವೆಂದವರು ಚಿತ್ರದ ಮೇಲೂ ಕೆಳಗೂ ಮರೆಮಾಡಿ 1.66, 1.85 ಎಂದು ಮಾರಿದರು. ಪೂರ್ಣ ಚೌಕಟ್ಟಿಗೆಂದು ತೆಗೆದಿದ್ದ ‘ಶೇನ್’ ಚಿತ್ರಕ್ಕೂ ಇದೇ ಗತಿ. ಅಗಲವಾಯಿತೆನ್ನುವುದಕ್ಕಿಂತ ಕುಳ್ಳಗಾಯಿತು ಎನ್ನಬೇಕು. ಇಂದಿನ ಟಿವಿಯ ಅಳತೆ 1.78. 1.37 ಅದರಲ್ಲಿ ಸಡಿಲ, ಸಿನಿಮಾಸ್ಕೋಪಿನ 2.55 ಬಿಗಿ, ನಿಮ್ಮ ಕಪ್ಪು ಪಟ್ಟಿಗಳು ಅಲ್ಲಿಂದ ಬಂದವು.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ ‘ಕಾಗಜ್ ಕೆ ಫೂಲ್’. ಛಾಯಾಗ್ರಾಹಕರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಆ ಅಗಲವನ್ನು ಅವರು ತುಂಬಿಸಲು ಹೋಗಲೇ ಇಲ್ಲ. ಕತ್ತಲ ಸ್ಟುಡಿಯೋ, ದೂರ ದೂರ ನಿಂತ ಇಬ್ಬರು, ಹೊರಗಿನ ಬಿಸಿಲನ್ನು ಕನ್ನಡಿ ಹಿಡಿದು ಒಳಗೆ ಇಳಿಸಿದ ಒಂದು ಬೆಳಕಿನ ಕೋಲು. ಉಳಿದದ್ದೆಲ್ಲ ಖಾಲಿ.