ನಿಂತಿರುವ ಕಾರ್ಡ್ ಮತ್ತು ಸ್ಕ್ರಮ್ ಮಾಸ್ಟರ್

ಎಲ್ಲರಿಗೂ ನಮಸ್ಕಾರ. ಸ್ಕ್ರಮ್ ಎಂದರೆ ಸಾಫ್ಟ್‌ವೇರ್ ಕೆಲಸವನ್ನು ಸ್ಪ್ರಿಂಟ್ ಎಂಬ ಸಣ್ಣ ಅವಧಿಗಳಲ್ಲಿ ಮಾಡುವ ವಿಧಾನ. ಅದು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವವರು ಸ್ಕ್ರಮ್ ಮಾಸ್ಟರ್. ಬೆಳಗಿನ ಸ್ಟ್ಯಾಂಡಪ್‌ನಿಂದಲೇ, ಅಂದರೆ ತಂಡದ ದಿನನಿತ್ಯದ ಕಿರು ಸಭೆಯಿಂದಲೇ ಶುರು ಮಾಡೋಣ. ಎಂಟು ಜನರ ತಂಡ. ನಿನ್ನೆ ಇಷ್ಟು ಮಾಡಿದೆ, ಇವತ್ತು ಇಷ್ಟು ಮಾಡುತ್ತೇನೆ ಎಂದು ಒಬ್ಬೊಬ್ಬರೇ ಒಪ್ಪಿಸುತ್ತಾರೆ. ಎಲ್ಲರ ಕಣ್ಣೂ ಸ್ಕ್ರಮ್ ಮಾಸ್ಟರ್ ಮೇಲೆ. ಪಕ್ಕದವರ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಇದಕ್ಕೆ ಹಾಜರಿ ಕೂಗುವುದು ಎನ್ನಬೇಕು. ಆ 15 ನಿಮಿಷ ಡೆವಲಪರ್‌ಗಳದ್ದು. ಸ್ಪ್ರಿಂಟಿನ ಗುರಿ ಮುಟ್ಟಲು ಇವತ್ತು ಏನು ಬದಲಿಸಬೇಕು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿಕ್ಕೆ ಇರುವ ಹೊತ್ತು. ನಿನ್ನೆ ಏನು, ಇವತ್ತು ಏನು, ಅಡ್ಡಿ ಏನು ಎಂಬ ಹಳೆಯ ಮೂರು ಪ್ರಶ್ನೆಗಳನ್ನು ಸ್ಕ್ರಮ್‌ನ ಕೈಪಿಡಿಯಾದ ಸ್ಕ್ರಮ್ ಗೈಡ್ 2020ರಲ್ಲಿ ಕೈಬಿಟ್ಟಿದೆ, ಒಳ್ಳೆಯದೇ ಆಯಿತು.

ಸ್ಕ್ರಮ್ ಮಾಸ್ಟರ್ ನೋಡಬೇಕಾದದ್ದು ನಿಂತಿರುವ ಕಾರ್ಡನ್ನು, ಅಂದರೆ ತಂಡದ ಬೋರ್ಡಿನ ಮೇಲೆ ಮುಂದೆ ಸಾಗದ ಕೆಲಸದ ಚೀಟಿಯನ್ನು. ಬೋರ್ಡನ್ನು ಬಲಗಡೆಯಿಂದ ಓದಿಸಿ: ಮೊದಲು ಟೆಸ್ಟಿಂಗ್, ಆಮೇಲೆ ರಿವ್ಯೂ (ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುವುದು), ಕೊನೆಗೆ ಕೋಡಿಂಗ್. ಮುಗಿಯಲು ಹತ್ತಿರವಿರುವುದು ಮೊದಲು ಮುಗಿಯಲಿ. ರಿವ್ಯೂ ಕಾಲಂನಲ್ಲಿ ಮೂರು ದಿನದಿಂದ ಕಾರ್ಡ್ ಕೂತಿದೆ, ಬರೆದವರು ಸುಮ್ಮನಿರಲಾಗದೆ ಹೊಸದನ್ನು ಎತ್ತಿಕೊಂಡಿದ್ದಾರೆ. ತೊಂದರೆ ಹುಟ್ಟುವುದೇ ಇಲ್ಲಿ.

ಲೆಕ್ಕ ನೋಡಿ. ಎರಡು ವಾರದ ಸ್ಪ್ರಿಂಟ್, 10 ಕೆಲಸದ ದಿನ. ದಿನಕ್ಕೆ ಸರಾಸರಿ ಒಂದು ಕಾರ್ಡ್ ಮುಗಿಯುತ್ತದೆ, ಕೈಯಲ್ಲಿ ಸದಾ 12 ಇರುತ್ತವೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದಂತೆ, ಕೈಯಲ್ಲಿರುವುದನ್ನು ದಿನಕ್ಕೆ ಮುಗಿಯುವುದರಿಂದ ಭಾಗಿಸಿದರೆ, ಒಂದೊಂದು ಕಾರ್ಡ್‌ಗೂ ಸರಾಸರಿ 12 ದಿನ. ಅಂದರೆ ಸ್ಪ್ರಿಂಟಿಗಿಂತ ಕಾರ್ಡೇ ಉದ್ದ! ಅದೇ ವೇಗದಲ್ಲಿ ಕೈಯಲ್ಲಿರುವುದನ್ನು 6ಕ್ಕೆ ಇಳಿಸಿದರೆ 6 ದಿನ ಸಾಕು. ಯಾರೂ ರಾತ್ರಿ ಕೂರಬೇಕಿಲ್ಲ.

ಬೆಂಗಳೂರಿನ ತಂಡಗಳಿಗೆ ಇನ್ನೊಂದು ಕಾಯುವಿಕೆ ಇದೆ. ಏನು ಕಟ್ಟಬೇಕು ಎಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಕ್ಯಾಲಿಫೋರ್ನಿಯಾದಲ್ಲಿದ್ದರೆ, ಇಲ್ಲಿ ಬೆಳಿಗ್ಗೆ 10 ಆದಾಗ ಬೇಸಿಗೆಯಲ್ಲಿ ಅಲ್ಲಿ ಹಿಂದಿನ ರಾತ್ರಿ 9:30. ಒಂದು ಪ್ರಶ್ನೆಗೆ ಒಂದು ದಿನ, ಉತ್ತರ ಅರ್ಥವಾಗದಿದ್ದರೆ ಇನ್ನೊಂದು ದಿನ. ತಂಡವನ್ನೆಲ್ಲ ದಿನಾ ರಾತ್ರಿ 9ರ ಕಾಲ್‌ಗೆ ಕೂರಿಸುವುದು ಪರಿಹಾರವಾಗದು, ಜನ ಬಳಲಿಹೋಗುತ್ತಾರೆ. ಸ್ಪ್ರಿಂಟಿನ ಪ್ಲಾನಿಂಗ್‌ಗೆ ಎರಡು ಮೂರು ದಿನ ಮೊದಲೇ ಪ್ರತಿ ಸ್ಟೋರಿಗೂ (ಬಳಕೆದಾರರಿಗೆ ಏನು ಬೇಕು ಎಂಬ ಕಿರು ವಿವರಣೆ) ನಿಜವಾದ ಉದಾಹರಣೆ ಬರೆಸಿ: ಪಿನ್‌ಕೋಡ್ ಐದೇ ಅಂಕಿ ಇದ್ದರೆ ಪರದೆಯ ಮೇಲೆ ಏನು ಬರಬೇಕು? ಇಂಥ ಸಣ್ಣ ತೀರ್ಮಾನ ಇಲ್ಲಿಯೇ ಆಗಲಿ ಎಂದು ಪ್ರಾಡಕ್ಟ್ ಓನರ್ ಒಪ್ಪಿಗೆಯನ್ನೂ ಪಡೆದಿಟ್ಟುಕೊಳ್ಳಿ.

ಕೆಲವು ಅಡ್ಡಿಗಳು ತಂಡದ ಕೈ ಮೀರಿದವು. ರಿಲೀಸ್ ಒಪ್ಪಿಗೆಯ ಸಭೆ ಗುರುವಾರ ಮಾತ್ರ ಎಂದಿಟ್ಟುಕೊಳ್ಳಿ. ಶುಕ್ರವಾರ ತಯಾರಾದದ್ದು ಆರು ದಿನ ಕಾಯುತ್ತದೆ. ಅಜೈಲ್ ಕೋಚ್ ಬೇಕಾಗುವುದು ಇಂಥಲ್ಲಿ. ಈ ಹುದ್ದೆಯ ಹೆಸರು ಸ್ಕ್ರಮ್ ಗೈಡ್‌ನಲ್ಲಿಲ್ಲ, ಆದರೆ ಹಲವು ತಂಡಗಳನ್ನು ಒಟ್ಟಿಗೆ ನೋಡುವವರು ಒಬ್ಬರು ಬೇಕೇ ಬೇಕು. ಎಲ್ಲ ತಂಡಗಳಿಂದಲೂ ಕಾದ ದಿನಗಳ ಲೆಕ್ಕ ಒಟ್ಟುಮಾಡಿ ಮ್ಯಾನೇಜರ್‌ಗಳ ಮುಂದಿಡುವುದು ಅವರ ಕೆಲಸ. ತಂಡ ತಂಡಗಳ ವೆಲಾಸಿಟಿ (ಒಂದು ಸ್ಪ್ರಿಂಟಿನಲ್ಲಿ ಮುಗಿಸಿದ ಕೆಲಸದ ಒಟ್ಟು ಪಾಯಿಂಟ್; ಪಾಯಿಂಟ್ ಎಂದರೆ ಕೆಲಸದ ಗಾತ್ರಕ್ಕೆ ತಂಡವೇ ಹಾಕುವ ಅಂದಾಜು) ಹೋಲಿಸಬೇಡಿ ಎಂದು ಅದೇ ಮ್ಯಾನೇಜರ್‌ಗಳಿಗೆ ಬಿಡಿಸಿ ಹೇಳಬೇಕಾದವರೂ ಅವರೇ. ಹೋಲಿಕೆ ಶುರುವಾದ ಮೇಲೆ ನಿನ್ನೆಯ ಮೂರು ಪಾಯಿಂಟಿನ ಕೆಲಸಕ್ಕೆ ಇವತ್ತು ಐದು ಬೀಳುತ್ತದೆ, ಮುಂದಿನ ಸ್ಪ್ರಿಂಟಿನ ಅಂದಾಜೂ ಕೆಟ್ಟುಹೋಗುತ್ತದೆ.