ಬೆರಳು ಕಾಣುವಷ್ಟು ಹತ್ತಿರ

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಹದಿನಾಲ್ಕು ವರ್ಷದ ಹುಡುಗನೊಬ್ಬ ಸ್ಯಾಕ್ಸೊಫೋನ್ ಕಲಿಯಲು ನನ್ನ ಬಳಿ ಬಂದ. ಊರು ಮಂಡ್ಯದ ಹತ್ತಿರ, ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಾನೆ. ರೀಡನ್ನು, ಅಂದರೆ ಊದಿದಾಗ ಅದುರಿ ದನಿ ಹೊರಡಿಸುವ ತೆಳು ಪಟ್ಟಿಯನ್ನು, ನಾಲಗೆಯ ಮೇಲಿಟ್ಟು ಒದ್ದೆ ಮಾಡಿಕೊಳ್ಳುವುದನ್ನು ಮೊದಲು ತೋರಿಸಿದೆ. ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಕೂರಬೇಕು, ಕೆಳತುಟಿ ಮೆತ್ತೆಯ ಹಾಗೆ ರೀಡಿಗೆ ತಾಗಬೇಕು. ಮೊದಲ ಸಲ ಊದಿದಾಗ ಬರೀ ಗಾಳಿ. ಎರಡನೆಯ ಸಲ ಕೀಚಲು ದನಿ. ನಾಲ್ಕನೆಯದೋ ಐದನೆಯದೋ ಸಲಕ್ಕೆ ಒಂದು ಸ್ವರ ತುಂಬಿಕೊಂಡು ಬಂತು ನೋಡಿ, ಕಿಟಕಿಯ ಮೇಲಿದ್ದ ಸ್ಟೀಲ್ ಲೋಟ ಜುಮ್ಮೆಂದಿತು. ಹುಡುಗ ವಾದ್ಯವನ್ನು ಬಾಯಿಂದ ತೆಗೆದು, "ಸಾರ್, ಇದು ಎದೆಯೊಳಗೇ ಅದುರುತ್ತೆ!" ಅಂದ.

ಎರಡು ವರ್ಷದಿಂದ ಅವನು ಫೋನಿನಲ್ಲಿ ಸ್ಯಾಕ್ಸೊಫೋನ್ ಕೇಳುತ್ತಲೇ ಇದ್ದನಂತೆ. ನಾದ ಮೈಗೆ ತಾಗುತ್ತದೆ ಅನ್ನುವುದು ಅವನಿಗೆ ಗೊತ್ತಾದದ್ದು ಅವತ್ತು.

ಈಗಿನ ಹುಡುಗರು ಸಂಗೀತ ಕಚೇರಿಗೆ ಬರುವುದಿಲ್ಲ, ಅವರಿಗೆ ಫೋನೊಂದಿದ್ದರೆ ಸಾಕು ಅನ್ನುವ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಒಪ್ಪಲಾರೆ. ದಸರಾಕ್ಕೆ ಮೊದಲು ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಕಾಲೇಜು ಹುಡುಗರ ಯುವ ಸಂಭ್ರಮ ನಡೆಯುವಾಗ ಒಮ್ಮೆ ಹೋಗಿ ನೋಡಿ, ಕಾಲಿಡಲು ಜಾಗವಿರುವುದಿಲ್ಲ. ಗಣಪತಿ ಬಿಡುವ ದಿನ ನಮ್ಮ ಮಂಡ್ಯ ಸೀಮೆಯ ಯಾವ ಹಳ್ಳಿಯಲ್ಲಾದರೂ ತಮಟೆ ಬಡಿದರೆ ಯಾರು ಕುಣಿಯುತ್ತಾರೆ? ಹದಿನಾರು ಹದಿನೇಳರ ಹುಡುಗರೇ. ಎದುರಿಗೆ ಜೀವಂತವಾಗಿ ನುಡಿಯುವ ವಾದ್ಯವನ್ನು ಅವರು ಬಿಟ್ಟಿಲ್ಲ. ನಾವು ಅವರನ್ನು ಹಿಂದಿನ ಸಾಲಿನ ಕುರ್ಚಿಗೆ ಕರೆಯುತ್ತಿದ್ದೇವೆ, ಪಕ್ಕಕ್ಕೆ ಕರೆಯುತ್ತಿಲ್ಲ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

ಮೈಸೂರಿನವರಿಗೆ ಇದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. ನಮ್ಮ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯಿಂದ ಬಂದ ಓಟ್ಟೋ ಸ್ಮಿತ್ ಅರಮನೆಯ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಜಯಚಾಮರಾಜ ಒಡೆಯರು ಪಿಯಾನೊ ಕಲಿತವರು. ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು. ಅದೇ ಕೈಯಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದವರು. ಎರಡು ಸಂಗೀತ ಒಂದೇ ಅಂಗಳದಲ್ಲಿ ಇರಬಹುದು ಎಂಬುದಕ್ಕೆ ಈ ಊರಿನಲ್ಲಿ ಯಾರೂ ಹೊಸದಾಗಿ ವಾದಿಸಬೇಕಾಗಿಲ್ಲ.

ಆ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಯುತ್ತಿದ್ದುದನ್ನು ಒಮ್ಮೆ ಮಂಗಳೂರು ಕಡೆಯ ಹುಡುಗನೊಬ್ಬ ಕೇಳಿದ. ಮನೆಯಲ್ಲಿ ನಾಗಸ್ವರದ ವಿದ್ಯೆ, ತಂದೆಯೇ ಗುರು. ಹಾಗಿದ್ದರೂ ಆ ಹಿತ್ತಾಳೆಯ ದನಿ ಅವನನ್ನು ಹಿಡಿದುಬಿಟ್ಟಿತು. 1949ರಲ್ಲಿ ಹುಟ್ಟಿದ ಆ ಹುಡುಗನೇ ಕದ್ರಿ ಗೋಪಾಲನಾಥರು. ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವ ಬಾಗು, ಹೊರಡಿಸಲಾಗದ ವಾದ್ಯ ಎಂದು ಜನ ಅಂದುಕೊಂಡಿದ್ದ ಸ್ಯಾಕ್ಸೊಫೋನನ್ನು ತಮ್ಮ ಬೆರಳಿಗೆ ಒಗ್ಗಿಸಿಕೊಳ್ಳಲು ಅವರು ಎಷ್ಟೋ ವರ್ಷ ತೆತ್ತರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರು ನುಡಿಸುವುದನ್ನು ಕೇಳಿದ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ತಾನೂ ಜೊತೆಯಲ್ಲಿ ನುಡಿಸಬಹುದೇ ಎಂದು ಕೇಳಿ ವೇದಿಕೆ ಹತ್ತಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯ ಸಂಗೀತೋತ್ಸವ ಪ್ರಾಮ್ಸ್‌ನಲ್ಲಿ ಕದ್ರಿಯವರ ಕಚೇರಿ ನಡೆಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಮೆರಿಕದಲ್ಲಿ ಜಾಝ್ ಸ್ಯಾಕ್ಸೊಫೋನ್ ಓದುತ್ತಿದ್ದ ರುದ್ರೇಶ್ ಮಹಾಂತಪ್ಪ ಎಂಬ ಯುವಕನಿಗೆ (ಹೆಸರು ಕೇಳಿದರೇ ನಮ್ಮ ಕಡೆಯದು ಅನ್ನಿಸುತ್ತದಲ್ಲವೇ?) ಸಹೋದರ ಕೊಟ್ಟ ಒಂದು ಸಿ.ಡಿ.ಯಲ್ಲಿ ಕದ್ರಿಯವರ ಸ್ಯಾಕ್ಸೊಫೋನ್ ಕೇಳಸಿಕ್ಕಿತು. ಮುಂದೆ ಆತ ಅವರನ್ನು ಹುಡುಕಿಕೊಂಡು ಬಂದು, ಪಕ್ಕದಲ್ಲಿ ಕೂತು ನುಡಿಸಿ, 2008ರಲ್ಲಿ ಇಬ್ಬರದೂ ಸೇರಿದ ಆಲ್ಬಂ ಹೊರಬಂತು. ಮೈಸೂರಿನ ಬ್ಯಾಂಡಿನವರಿಗೆ ಅವತ್ತು ತಮ್ಮ ಎದುರಿಗೆ ಯಾವ ಹುಡುಗ ನಿಂತಿದ್ದಾನೆ ಎಂಬುದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಅವರು ನುಡಿಸಿದರು, ಅವನಿಗೆ ಕೇಳುವಷ್ಟು ಹತ್ತಿರ ನಿಲ್ಲಲು ಜಾಗವಿತ್ತು, ಅಷ್ಟೇ.

ಜಾಝ್ ಅಂದರೆ ದೂರದ ದೇಶದ್ದು, ನಮಗೆ ತಿಳಿಯದ್ದು ಎಂದು ಯಾರಾದರೂ ಅಂದುಕೊಂಡಿದ್ದರೆ ಒಂದೆರಡು ಮಾತು. ಮೊದಲು ತಂಡದವರೆಲ್ಲ ಕೂಡಿ ಒಂದು ಹಾಡನ್ನು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಆ ಹಾಡಿನ ಮೇಲೆ ಅಲ್ಲಿಯೇ ಹುಟ್ಟಿದ್ದನ್ನು ನುಡಿಸುತ್ತಾ ಹೋಗುತ್ತಾರೆ. ನಮ್ಮ ಸಂಗೀತದಲ್ಲಿ ಅದಕ್ಕೆ ಮನೋಧರ್ಮ ಅನ್ನುತ್ತೇವೆ, ಬೇರೆ ಹೆಸರೇ ಬೇಡ. ಆದರೆ 12 ಬಾರಿನದೋ 32 ಬಾರಿನದೋ (ಬಾರ್ ಅಂದರೆ ಕೆಲವು ಎಣಿಕೆಯ ಒಂದು ತುಂಡು) ಒಂದು ಸುತ್ತು ಒಳಗೊಳಗೇ ತಿರುಗುತ್ತಿರುತ್ತದೆ, ಅದನ್ನು ಯಾರೂ ತಪ್ಪುವಂತಿಲ್ಲ. ಕಲ್ಪನಾಸ್ವರ ಹಾಡುವವರು ಎಲ್ಲೆಲ್ಲಿ ಅಲೆದರೂ ಎಡುಪಿಗೆ, ಅಂದರೆ ಹಾಡಿನ ಸಾಲು ಶುರುವಾಗುವ ಜಾಗಕ್ಕೆ, ಬಂದು ಸೇರಲೇಬೇಕಲ್ಲ, ಹಾಗೆ. ನಮ್ಮಲ್ಲಿ ತಂಬೂರಿಯ ಶ್ರುತಿ ಕದಲದೆ ನಿಂತಿರುತ್ತದೆ; ಅವರಲ್ಲಿ ಕಾಲ ಕೆಳಗಿನ ನೆಲವೇ ಸರಿಯುತ್ತಿರುತ್ತದೆ, ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು) ಬದಲಾಗುತ್ತಾ ಹೋಗುತ್ತವೆ. ವ್ಯತ್ಯಾಸ ದೊಡ್ಡದು, ಒಪ್ಪುತ್ತೇನೆ. ಕೊನೆಕೊನೆಗೆ ನಾಲ್ಕು ಬಾರ್ ವಾದ್ಯದವರಿಗೆ, ನಾಲ್ಕು ಬಾರ್ ಡ್ರಮ್ಸಿನವರಿಗೆ ಅಂತ ಹಂಚಿಕೊಂಡು ನುಡಿಸುವಾಗ ಮಾತ್ರ, ಲಯವಾದ್ಯದವರಷ್ಟೇ ನುಡಿಸುವ ತನಿ ಆವರ್ತನದಲ್ಲಿ ಮೃದಂಗಕ್ಕೆ ಘಟ ಉತ್ತರ ಕೊಡುವುದನ್ನು ಕೇಳಿ ಬೆಳೆದ ಮಕ್ಕಳಿಗೆ ಯಾರೂ ಏನೂ ವಿವರಿಸಬೇಕಾಗಿಲ್ಲ. 1964ರಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ ಅಮೆರಿಕದ ಜಾಝ್ ವಾದಕ ಚಾರ್ಲಿ ಮೇರಿಯಾನೊ ವರ್ಷಗಟ್ಟಲೆ ನುಡಿಸಿದ್ದಕ್ಕೆ, ಆರ್.ಎ. ರಮಾಮಣಿಯವರ ಗಾಯನಕ್ಕೆ ಅವರ ಸ್ಯಾಕ್ಸೊಫೋನ್ ಹೊಂದಿಕೊಂಡದ್ದಕ್ಕೆ ಈ ನೆಂಟಸ್ತಿಕೆಯೇ ಕಾರಣ ಎಂದು ನನ್ನ ಭಾವನೆ.

ಈಗ ಜಾಝ್ ಹುಟ್ಟಿದ ಊರಿಗೇ ಹೋಗೋಣ, ಅಮೆರಿಕದ ನ್ಯೂ ಆರ್ಲಿಯನ್ಸ್. ಅಲ್ಲಿ ಸಾವಿನ ಮೆರವಣಿಗೆಗೂ ಬ್ಯಾಂಡು. ಮಸಣಕ್ಕೆ ಹೋಗುವಾಗ ನಿಧಾನದ ಶೋಕದ ಪದ, ಮರಳುವಾಗ ಕುಣಿಸುವ ಪದ. ಬ್ಯಾಂಡಿನ ಹಿಂದೆ ಊರ ಜನ ಹೆಜ್ಜೆ ಹಾಕುತ್ತಾ ಬರುತ್ತಾರೆ. ಸಾವಿಗೂ ತಮಟೆ ಬಡಿಯುವ ನಮ್ಮ ಸೀಮೆಯವರಿಗೆ ಇದು ವಿಚಿತ್ರವಲ್ಲ. 1960ರ ದಶಕದ ಹೊತ್ತಿಗೆ ಆ ಬ್ಯಾಂಡುಗಳಲ್ಲಿ ಉಳಿದವರು ಹೆಚ್ಚಾಗಿ ವಯಸ್ಸಾದವರು. ಆಗ ಡ್ಯಾನಿ ಬಾರ್ಕರ್ ಎಂಬ ಹಿರಿಯ ಕಲಾವಿದರು ನ್ಯೂಯಾರ್ಕಿನಲ್ಲಿ ಬಹುಕಾಲ ಬ್ಯಾಂಜೊ, ಗಿಟಾರ್ ನುಡಿಸಿ 1965ರಲ್ಲಿ ಊರಿಗೆ ಮರಳಿದರು. ಕೆಲವು ವರ್ಷ ಕಳೆದು ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಆಶ್ರಯದಲ್ಲಿ ಮಕ್ಕಳದೇ ಒಂದು ಬ್ಯಾಂಡ್ ಕಟ್ಟಿದರು. ಮುಂದಾಳು ಲೀರಾಯ್ ಜೋನ್ಸ್, ಹದಿಮೂರರ ಆಸುಪಾಸಿನ ಹುಡುಗ. ಅಭ್ಯಾಸ ಅವನ ಮನೆಯ ಗ್ಯಾರೇಜಿನಲ್ಲಿ. ಬಾರ್ಕರ್ ಆ ಮಕ್ಕಳನ್ನು ಉಪನ್ಯಾಸಕ್ಕೆ ಕೂರಿಸಲಿಲ್ಲ, ಬೀದಿಗೆ ಕರೆದುಕೊಂಡು ಹೋದರು. ಆ ಬ್ಯಾಂಡಿನಲ್ಲಿ ನುಡಿಸುತ್ತಾ ಕಲಿತವರಲ್ಲಿ ಮುಂದೆ ಹೆಸರಾಂತ ಟ್ರಂಪೆಟ್ ವಾದಕರಾದ ವಿಂಟನ್ ಮಾರ್ಸಾಲಿಸ್ ಒಬ್ಬರು. ಅದೇ ವಿಂಟನ್ ಹದಿನೆಂಟು ವರ್ಷಕ್ಕೆ, 1980ರಲ್ಲಿ, ಅರವತ್ತು ದಾಟಿದ ಡ್ರಮ್ಮರ್ ಆರ್ಟ್ ಬ್ಲೇಕಿಯವರ ತಂಡ ಸೇರಿದರು. ಬ್ಲೇಕಿ ತಮ್ಮ ತಂಡವನ್ನು ದಶಕಗಳ ಕಾಲ ಹುಡುಗರಿಂದಲೇ ತುಂಬಿಸಿಕೊಂಡವರು. ಒಬ್ಬ ಪಳಗಿ ಹೊರಟನೆಂದರೆ ಇನ್ನೊಬ್ಬ ಎಳೆಯನಿಗೆ ಜಾಗ. ಮುಂದೆ ವಿಂಟನ್ ನ್ಯೂಯಾರ್ಕಿನಲ್ಲಿ ಕಟ್ಟಿ ಬೆಳೆಸಿದ ಜಾಝ್ ಸಂಸ್ಥೆ ಜಾಝ್‌ನ ಹಿರಿಯ ಸಂಯೋಜಕ ಡ್ಯೂಕ್ ಎಲಿಂಗ್ಟನ್ನರ ಸಂಗೀತದ ಸ್ವರಪ್ರತಿಗಳನ್ನು ಹೈಸ್ಕೂಲುಗಳಿಗೆ ಉಚಿತವಾಗಿ ಕಳಿಸಲು ಶುರುಮಾಡಿತು. ಪಕ್ಕದಲ್ಲಿ ಜಾಗ ಸಿಕ್ಕಿದವನು ಇನ್ನೊಬ್ಬನಿಗೆ ಜಾಗ ಬಿಡುತ್ತಾ ಬಂದದ್ದು ಹೀಗೆ.

ನನಗೆ ಇದು ಪುಸ್ತಕದ ಮಾತಲ್ಲ. ನಮ್ಮಪ್ಪ ಮಂಡ್ಯ ಕಡೆಯ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಒಂಬತ್ತನೆಯ ವಯಸ್ಸಿನಲ್ಲಿ ನನ್ನ ಕೈಗೆ ಎರಡು ಗಿಲಕಿ ಕೊಟ್ಟು ಮದುವೆ ಮೆರವಣಿಗೆಯ ಕೊನೆಯ ಸಾಲಿನಲ್ಲಿ ನಿಲ್ಲಿಸಿದರು. ಕೆಂಪು ಕೋಟು ಮೊಣಕಾಲು ಮುಟ್ಟುತ್ತಿತ್ತು. ಪೆಟ್ರೊಮ್ಯಾಕ್ಸ್ ಹೊತ್ತವರ ನಡುವೆ ನಡೆಯುತ್ತಾ ಅಪ್ಪನ ಬೆನ್ನು, ಮೊಣಕೈ, ಉಸಿರೆಳೆದಾಗ ಏಳುವ ಭುಜ ಎಲ್ಲವೂ ಕಾಣುತ್ತಿತ್ತು. ತಾಳ ಎಲ್ಲಿ ತಿರುಗುತ್ತದೆ ಎಂಬುದನ್ನು ನಾನು ಆ ಭುಜ ನೋಡಿ ಕಲಿತೆ. ರಾತ್ರಿ ಊಟವಾದ ಮೇಲೆ ದೊಡ್ಡವರ ಪಾಲಿನಿಂದ ಎರಡು ರೂಪಾಯಿ ತೆಗೆದು ನನಗೂ ಕೊಟ್ಟರು. ಆ ಎರಡು ರೂಪಾಯಿಯನ್ನು ನಾನು ಇಂದಿಗೂ ಮರೆತಿಲ್ಲ. ಅದಕ್ಕೇ ಸಂಘಟಕರನ್ನು ಕೈಮುಗಿದು ಕೇಳುತ್ತೇನೆ, "ಅವಕಾಶ ಕೊಡ್ತೀವಿ, ಪುಕ್ಕಟೆ ಬಂದು ನುಡಿಸಿ" ಅಂತ ಹುಡುಗರನ್ನು ಕರೆಯಬೇಡಿ. ಐನೂರಾದರೂ ಕವರಿನಲ್ಲಿಟ್ಟು, ಹೆಸರು ಬರೆದು, ಕೈಗೆ ಕೊಡಿ.

ಕೆಲವು ವರ್ಷದ ಹಿಂದೆ ಹನ್ನೊಂದು ಮಕ್ಕಳನ್ನು ಒಂದು ಜಾಝ್ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದೆ. ಮುಂದಿನ ನಾಲ್ಕು ಸಾಲಿಗೆ ಗಣ್ಯರಿಗೆಂದು ಹಗ್ಗ ಕಟ್ಟಿದ್ದರು. ಸ್ವಾಗತ, ಹಾರ, ಶಾಲು, ನೆನಪಿನ ಕಾಣಿಕೆ ಮುಗಿಯುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಸಂಗೀತ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಹಾಸ್ಟೆಲ್ ಬಾಗಿಲು ಹಾಕುತ್ತಾರೆಂದು ಮಕ್ಕಳು ಎದ್ದರು. ಹಗ್ಗದ ಆಚೆಗಿನ ಕುರ್ಚಿಗಳು ಅರ್ಧಕ್ಕರ್ಧ ಖಾಲಿ. ಹೊರಗೆ ಬಂದ ಮೇಲೆ ಒಬ್ಬಳು ಹುಡುಗಿ ಹೇಳಿದಳು, "ಸಾರ್, ಅವರ ಬೆರಳು ಕಾಣಲೇ ಇಲ್ಲ." ನನಗೆ ತುಂಬಾ ನೋವಾಯಿತು. ಕಲಿಯುವವರಿಗೆ ಬೆರಳು ಕಾಣಬೇಕು. ಮುಂದಿನ ಸಾಲಿನ ಕುರ್ಚಿ ತೆಗೆದು ಜಮಖಾನ ಹಾಸಿ ಮಕ್ಕಳನ್ನು ಕೂರಿಸಿದರೆ ಯಾವ ಗಣ್ಯರ ಗೌರವಕ್ಕೂ ಕುಂದಿಲ್ಲ. ಮೈಸೂರಿನ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣಪತಿ ಕಚೇರಿಗೆ ಬೀದಿಯಲ್ಲೇ ಜನ ಕೂತು ದೊಡ್ಡ ದೊಡ್ಡ ವಿದ್ವಾಂಸರನ್ನು ಕೇಳುತ್ತಾ ಬಂದಿಲ್ಲವೇ?

ಆ ರಾತ್ರಿಯ ನಂತರ ನಮ್ಮ ಮನೆಯ ತಾರಸಿಯ ಮೇಲೆ ಭಾನುವಾರದ ಸಂಜೆ ಕೂರಲು ಶುರುಮಾಡಿದೆವು. ಮೈಕಿಲ್ಲ, ಭಾಷಣವಿಲ್ಲ. ಒಂದು ಕೀಬೋರ್ಡ್, ಗಿಟಾರ್, ಎರಡು ಸ್ಯಾಕ್ಸೊಫೋನ್. ಮೃದಂಗ ಕಲಿಯುವ ಎಂಜಿನಿಯರಿಂಗ್ ಹುಡುಗಿಯೊಬ್ಬಳು ಬರುತ್ತಾಳೆ. ಎಂಟೂವರೆಗೆ ಮುಗಿಸುತ್ತೇವೆ, ಪಕ್ಕದ ಮನೆಯವರಿಗೂ ನಿದ್ದೆ ಬೇಕು. ಹಿರಿಯ ಕಲಾವಿದರು ಯಾರಾದರೂ ಬಂದರೆ ನನ್ನದು ಒಂದೇ ಕೋರಿಕೆ: ಒಂದು ಹಾಡಿಗಾದರೂ ಹುಡುಗರಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇದುವರೆಗೆ ಯಾರೂ ಇಲ್ಲ ಅಂದಿಲ್ಲ. ವಾದ್ಯದ ಬೆಲೆಯೇ ದೊಡ್ಡ ತೊಡಕು; ಹೊಸ ಸ್ಯಾಕ್ಸೊಫೋನಿಗೆ ಹತ್ತಾರು ಸಾವಿರ ಬೇಕು. ಎಷ್ಟೋ ಮನೆಗಳ ಅಟ್ಟದ ಮೇಲೆ ತಾತನ ಕಾಲದ ಕ್ಲಾರಿನೆಟ್ಟೋ ಪಿಟೀಲೋ ಧೂಳು ಹಿಡಿದು ಕೂತಿರುತ್ತದೆ. ಕೇಳುತ್ತಿರುವವರ ಮನೆಯಲ್ಲಿ ಅಂಥದ್ದಿದ್ದರೆ ದಯವಿಟ್ಟು ಕೆಳಗಿಳಿಸಿ, ನಿಮ್ಮ ಬೀದಿಯಲ್ಲಿ ಕಲಿಯುವ ಮಗುವಿಗೆ ಒಂದು ವರ್ಷಕ್ಕೆ ಎರವಲು ಕೊಡಿ.

ಮೊದಲು ಹೇಳಿದ ಹುಡುಗ ಕಳೆದ ಭಾನುವಾರ ಮೊದಲ ಸಲ ತಾರಸಿಗೆ ಬಂದ. ಅಪ್ಪ ನನಗೆ ಕೊಟ್ಟಿದ್ದ ಗಿಲಕಿಗಳನ್ನೇ ಅವನ ಕೈಗಿಟ್ಟೆ. ಎರಡು ಗಂಟೆ ಹೊತ್ತು ತಾಳ ಬಿಡಲಿಲ್ಲ, ಕಣ್ಣು ಮಾತ್ರ ಸ್ಯಾಕ್ಸೊಫೋನಿನ ಮೇಲಿದ್ದ ಬೆರಳುಗಳಿಂದ ಕದಲಲಿಲ್ಲ. ಈ ಭಾನುವಾರ ಅವನಿಗೂ ನಾಲ್ಕು ಬಾರ್ ಕೊಡುತ್ತೇವೆ. ಅವನಿಗೆ ಈಗ ಮೂರು ಸ್ವರ ಬರುತ್ತವೆ, ಅಷ್ಟು ಸಾಕು.

ನಮಸ್ಕಾರ.