ಕಬ್ಬಿನ ರಸದಿಂದ ಧಾತುವಿನವರೆಗೆ

(ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಪ್ರೌಢಶಾಲೆ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ರೈತರ ಮುಂದೆ ನೀಡಿದ ಉಪನ್ಯಾಸ)

ಗುರುಗಳೇ, ಅಣ್ಣಂದಿರೇ, ಅಕ್ಕಂದಿರೇ, ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ದ್ರವ್ಯದ ವಿಂಗಡಣೆ ಎಂದ ಕೂಡಲೇ ಮಕ್ಕಳಿಗೆ ಪುಸ್ತಕದ ಒಂದು ಚಿತ್ರ ನೆನಪಾಗುತ್ತದೆ. ಮೇಲೆ ದ್ರವ್ಯ, ಕೆಳಗೆ ಎರಡು ಗೆರೆ, ಒಂದರ ತುದಿಗೆ ಮಿಶ್ರಣ, ಇನ್ನೊಂದರ ತುದಿಗೆ ಶುದ್ಧ ವಸ್ತು. ಅದರ ಕೆಳಗೆ ಧಾತು, ಸಂಯುಕ್ತ. ಇದನ್ನು ಬಾಯಿಪಾಠ ಮಾಡಿದರೆ ಎರಡು ಅಂಕ ಸಿಗುತ್ತವೆ. ಆದರೆ ಆ ಚಿತ್ರದಲ್ಲಿ ಒಂದು ವಿಷಯ ಕಾಣುವುದೇ ಇಲ್ಲ. ಯಾವ ವಸ್ತು ಯಾವ ಗುಂಪಿಗೆ ಸೇರುತ್ತದೆ ಎಂದು ಗೊತ್ತಾಗಿದ್ದು ಹೇಗೆ? ಅದನ್ನು ಬೇರ್ಪಡಿಸಲು ಯಾರೋ ಕೂತು ಪ್ರಯತ್ನ ಮಾಡಿದ್ದರಿಂದ. ಸೋಸಿದರು, ಕಾಯಿಸಿದರು, ಸುಟ್ಟರು, ವಿದ್ಯುತ್ ಹರಿಸಿದರು. ಎಲ್ಲಿ ಬೇರೆಯಾಯಿತು, ಎಲ್ಲಿ ಆಗಲಿಲ್ಲ ಎಂದು ಬರೆದಿಟ್ಟರು. ಆ ಗೆರೆಗಳು ಹುಟ್ಟಿದ್ದು ಹಾಗೆ. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ.

ಘನ, ದ್ರವ, ಅನಿಲ ಎನ್ನುವ ವಿಂಗಡಣೆಯನ್ನು ಬಿಟ್ಟುಬಿಡುತ್ತೇನೆ. ಅದು ವಸ್ತುವಿನ ಸ್ಥಿತಿಯನ್ನು ಹೇಳುತ್ತದೆ, ಒಳಗೆ ಏನಿದೆ ಎಂದು ಹೇಳುವುದಿಲ್ಲ. ಮಂಜುಗಡ್ಡೆ, ನೀರು, ಉಗಿ ಮೂರೂ ಒಂದೇ ವಸ್ತು ಅಲ್ವಾ?

ಉದಾಹರಣೆ ಹುಡುಕಲು ನಾವು ದೂರ ಹೋಗಬೇಕಿಲ್ಲ. ಈ ತಾಲೂಕಿನ ಹೊಲಗಳಲ್ಲಿ ನಿಂತಿರುವ ಕಬ್ಬು ಸಾಕು. ಗಾಣದಿಂದ ಈಗಷ್ಟೇ ಇಳಿದ ರಸವನ್ನು ನೋಡಿ. ಮಬ್ಬಾಗಿರುತ್ತದೆ. ಸಿಪ್ಪೆಯ ಚೂರು, ಮಣ್ಣು ತೇಲುತ್ತಿರುತ್ತವೆ. ಬೇರೆ ಬೇರೆ ಭಾಗಗಳು ಕಣ್ಣಿಗೇ ಕಾಣುವ ಇಂಥದ್ದು ಭಿನ್ನಜಾತೀಯ ಮಿಶ್ರಣ. ಬಟ್ಟೆಯಲ್ಲಿ ಸೋಸಿದರೆ ಚೂರುಗಳು ಉಳಿಯುತ್ತವೆ, ಮಬ್ಬು ಹೋಗುವುದಿಲ್ಲ. ಆ ಮಬ್ಬಿನಲ್ಲಿರುವ ಕಣಗಳು ಬಟ್ಟೆಯ ರಂಧ್ರಕ್ಕಿಂತ ಬಹಳ ಚಿಕ್ಕವು. ಹಾಗಂತ ಸಕ್ಕರೆಯಂತೆ ಪೂರ್ತಿ ಕರಗಿಯೂ ಇಲ್ಲ. ಈ ನಡುವಿನ ಸ್ಥಿತಿಗೆ ಕಲಿಲ ಎನ್ನುತ್ತಾರೆ. ಹಾಲು ಕೂಡ ಕಲಿಲವೇ.

ಮಕ್ಕಳೇ, ಇದನ್ನು ನೀವು ಮನೆಯಲ್ಲೇ ನೋಡಬಹುದು. ಒಂದು ಗಾಜಿನ ಲೋಟದಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ನಾಲ್ಕು ಹನಿ ಹಾಲು ಬೆರೆಸಿದ ನೀರು ಇಡಿ. ಕತ್ತಲೆಯಲ್ಲಿ ಪಕ್ಕದಿಂದ ಟಾರ್ಚ್ ಬಿಡಿ. ಸಕ್ಕರೆ ನೀರಿನಲ್ಲಿ ಬೆಳಕು ಹೋದ ದಾರಿ ಹೆಚ್ಚುಕಡಿಮೆ ಕಾಣುವುದಿಲ್ಲ. ಹಾಲಿನ ನೀರಿನಲ್ಲಿ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಕಲಿಲದ ಕಣಗಳು ಬೆಳಕನ್ನು ಚದುರಿಸುತ್ತವೆ. ಇದಕ್ಕೆ ಟಿಂಡಾಲ್ ಪರಿಣಾಮ ಎಂದು ಹೆಸರು.

ಗಾಣದವರಿಗೆ ಕಲಿಲ ಎನ್ನುವ ಹೆಸರು ಬೇಕಾಗಿಲ್ಲ, ಅದನ್ನು ಒಡೆಯುವ ಉಪಾಯ ಗೊತ್ತು. ರಸಕ್ಕೆ ಒಂದಿಷ್ಟು ಸುಣ್ಣ ಹಾಕುತ್ತಾರೆ. ಕೆಲವರು ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಚದುರಿದ್ದ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಕುದಿಯುವಾಗ ನೊರೆಯ ಜೊತೆ ಮೇಲೆ ಬರುತ್ತವೆ. ಅದನ್ನು ತೆಗೆದು ಚೆಲ್ಲುತ್ತಾರೆ. ಇದು ಒಳ್ಳೆಯ ರಸಾಯನಶಾಸ್ತ್ರ. ಇದನ್ನು ಮಾಡುವವರನ್ನು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಕರೆದು ಮಕ್ಕಳ ಮುಂದೆ ಮಾತಾಡಿಸಬೇಕು ಎಂಬುದು ನನ್ನ ಆಸೆ.

ತಿಳಿಯಾದ ರಸ ಈಗ ಎಲ್ಲ ಕಡೆಯೂ ಒಂದೇ ಥರ ಕಾಣುತ್ತದೆ. ಮೇಲಿನ ಚಮಚವೂ ಒಂದೇ, ತಳದ ಚಮಚವೂ ಒಂದೇ. ಇದು ಸಮಜಾತೀಯ ಮಿಶ್ರಣ, ಅಂದರೆ ದ್ರಾವಣ. ಆದರೂ ಮಿಶ್ರಣವೇ. ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು, ಉಳಿದದ್ದು ಸುಕ್ರೋಸ್, ಗ್ಲುಕೋಸ್, ಫ್ರಕ್ಟೋಸ್ ಎಂಬ ಸಕ್ಕರೆಗಳು, ಖನಿಜಗಳು. ಕೊಪ್ಪರಿಗೆಯಲ್ಲಿ ನೀರು ಹೋದ ಮೇಲೆ ಇವೆಲ್ಲ ಒಟ್ಟಿಗೆ ಗಟ್ಟಿಯಾಗಿ ಬೆಲ್ಲದ ಪೆಂಟಿ ಆಗುತ್ತದೆ.

ಬೆಲ್ಲ ಮಿಶ್ರಣ ಎನ್ನಲು ದೊಡ್ಡ ಸಾಕ್ಷಿ ಅದರ ಅಳತೆ ನಿಲ್ಲದಿರುವುದು. ನೂರು ಗ್ರಾಂ ಬೆಲ್ಲದಲ್ಲಿ ಸುಕ್ರೋಸ್ ಸುಮಾರು 65 ಗ್ರಾಂ ಇರಬಹುದು, 85 ಗ್ರಾಂ ಕೂಡ ಇರಬಹುದು. ಹೊಲ ಬದಲಾದರೆ, ತಳಿ ಬದಲಾದರೆ, ಕಬ್ಬು ಕಡಿದು ಎರಡು ದಿನ ಬಿಸಿಲಲ್ಲಿ ಬಿದ್ದಿದ್ದರೆ ಬೆಲ್ಲ ಬದಲಾಗುತ್ತದೆ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ವ್ಯಾಪಾರಿಗಳು ಒಂದೊಂದು ಪೆಂಟಿಯನ್ನೂ ಬಣ್ಣ, ಗಟ್ಟಿತನ ನೋಡಿ ದರ ಕಟ್ಟುವುದು ಸುಮ್ನೆ ಅಲ್ಲ.

ಸಕ್ಕರೆಗೆ ಬನ್ನಿ. ಕಾರ್ಖಾನೆಯಲ್ಲೂ ಅದೇ ರಸ, ಅದೇ ಸುಣ್ಣ. ಆದರೆ ಅಲ್ಲಿ ರಸವನ್ನು ಗಾಳಿಯ ಒತ್ತಡ ಕಡಿಮೆ ಮಾಡಿದ ಪಾತ್ರೆಗಳಲ್ಲಿ ಕುದಿಸುತ್ತಾರೆ. ಒತ್ತಡ ಕಡಿಮೆ ಇದ್ದರೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಸಕ್ಕರೆ ಕಂದಾಗುವುದಿಲ್ಲ. ಹರಳು ಕಟ್ಟುವಾಗ ಸುಕ್ರೋಸ್ ಅಣುಗಳು ತಮ್ಮಂಥವನ್ನೇ ಸಾಲಿಗೆ ಸೇರಿಸಿಕೊಳ್ಳುತ್ತವೆ. ಉಳಿದವು ಬಹುಪಾಲು ಹೊರಗೇ ಉಳಿದು ಕಾಕಂಬಿ ಆಗುತ್ತವೆ. ಗರಗರ ತಿರುಗುವ ಯಂತ್ರದಲ್ಲಿ ಕಾಕಂಬಿ ಬೇರೆ, ಹರಳು ಬೇರೆ. ಈ ಹರಳಿನಲ್ಲಿ ನೂರಕ್ಕೆ 99.5ಕ್ಕೂ ಜಾಸ್ತಿ ಪಾಲು ಸುಕ್ರೋಸ್ ಇರುತ್ತದೆ.

ಇಲ್ಲಿಯವರೆಗೆ ಸೋಸುವುದು, ಕುದಿಸುವುದು, ಹರಳು ಕಟ್ಟಿಸುವುದು ಇಷ್ಟರಿಂದಲೇ ಕೆಲಸ ನಡೆಯಿತು. ಸುಕ್ರೋಸ್ ಮೊದಲಿನಿಂದಲೂ ಸುಕ್ರೋಸೇ ಆಗಿತ್ತು. ಇನ್ನು ಮುಂದೆ ಈ ವಿಧಾನ ನಡೆಯುವುದಿಲ್ಲ. ಎಷ್ಟು ಸಲ ಕರಗಿಸಿ ಹರಳು ಮಾಡಿದರೂ ಅದೇ ಬರುತ್ತದೆ. ಬೇರ್ಪಡಿಸಬೇಕಾದರೆ ಮುರಿಯಬೇಕು. ಸಕ್ಕರೆಯನ್ನು ಜೋರಾಗಿ ಕಾಯಿಸಿ: ಕಂದಾಗುತ್ತದೆ, ಹೊಗೆ ಬರುತ್ತದೆ, ಹಿಡಿದ ತಟ್ಟೆಯ ಮೇಲೆ ನೀರಿನ ಹನಿ ಕೂರುತ್ತದೆ, ಕೊನೆಗೆ ಕಪ್ಪು ಇದ್ದಿಲು. ಸಿಹಿ ಎಲ್ಲಿ ಹೋಯಿತು? ಸಿಹಿಯಾಗಿದ್ದ ವಸ್ತುವೇ ಈಗ ಇಲ್ಲ. ಹೀಗೆ ಮುರಿದರೆ ಮಾತ್ರ ಬೇರೆಯಾಗುವುದು ಸಂಯುಕ್ತ.

ಸಂಯುಕ್ತಕ್ಕೆ ಅಳತೆ ಗಟ್ಟಿ. 342 ಗ್ರಾಂ ಸುಕ್ರೋಸ್‌ನಲ್ಲಿ 144 ಗ್ರಾಂ ಇಂಗಾಲ, 22 ಗ್ರಾಂ ಹೈಡ್ರೋಜನ್, 176 ಗ್ರಾಂ ಆಕ್ಸಿಜನ್ ಇರುತ್ತವೆ. ಮುಧೋಳದ ಕಬ್ಬಿನಿಂದ ತೆಗೆದರೂ ಅಷ್ಟೇ, ಯುರೋಪಿನ ಬೀಟ್ ಗಡ್ಡೆಯಿಂದ ತೆಗೆದರೂ ಅಷ್ಟೇ. ಸಂಯುಕ್ತಗಳಿಗೆಲ್ಲ ಈ ನಿಯಮ ಇದೆ ಎಂದು 1790ರ ದಶಕದಲ್ಲಿ ಪ್ರತಿಪಾದಿಸಿದವರು ಫ್ರೆಂಚ್ ವಿಜ್ಞಾನಿ ಜೋಸೆಫ್ ಪ್ರೌಸ್ಟ್. ಬೆಲ್ಲಕ್ಕೂ ಸಕ್ಕರೆಗೂ ಇರುವ ವ್ಯತ್ಯಾಸವನ್ನು ನಾನು ಇಲ್ಲೇ ನೋಡುತ್ತೇನೆ. ಯಾವುದು ಆರೋಗ್ಯಕ್ಕೆ ಒಳ್ಳೆಯದು ಎಂಬುದು ಬೇರೆ ಚರ್ಚೆ.

ಇದ್ದಿಲಿನ ಇಂಗಾಲವನ್ನು ಇನ್ನೂ ಸರಳವಾಗಿ ಮುರಿಯಬಹುದೇ? ಸುಟ್ಟರೆ ಆಕ್ಸಿಜನ್ ಜೊತೆ ಕೂಡಿ ತೂಕ ಹೆಚ್ಚಾಗುತ್ತದೆ, ಹೊರತು ಒಡೆಯುವುದಿಲ್ಲ. ಯಾವ ರಾಸಾಯನಿಕ ಉಪಾಯದಿಂದಲೂ ಒಡೆಯದ ಇಂಥ ವಸ್ತು ಧಾತು.

ಈ ಮಾತು ಕೇಳಲು ಸುಲಭ, ನಿಭಾಯಿಸಲು ಕಷ್ಟ. 1789ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವೋಸಿಯೇ ಧಾತುಗಳ ಪಟ್ಟಿ ಮಾಡಿದರು. ಅದರಲ್ಲಿ 33 ಹೆಸರು. ಬೆಳಕು ಮತ್ತು ಶಾಖವೂ ಅದರಲ್ಲಿದ್ದವು. ಇನ್ನೊಂದು ಸಾಲಿನಲ್ಲಿ ಐದು ‘ಮಣ್ಣು’ಗಳಿದ್ದವು. ಅವುಗಳಲ್ಲಿ ಮೂರು ನಮ್ಮ ಸುತ್ತಮುತ್ತಲಿನವೇ. ಒಂದು ಸುಣ್ಣ: ಈ ಜಿಲ್ಲೆಯ ಸುಣ್ಣದ ಕಲ್ಲನ್ನು ಸುಟ್ಟರೆ ಸಿಗುವುದು, ನೂರು ಗ್ರಾಂ ಶುದ್ಧ ಕಲ್ಲಿಗೆ 56 ಗ್ರಾಂ. ಉಳಿದ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಎರಡನೆಯದು ಅಲ್ಯೂಮಿನಾ: ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆ ಅದಿರಾದ ಬಾಕ್ಸೈಟ್‌ನಿಂದ ತೆಗೆಯುವುದು ಇದನ್ನೇ. ಮೂರನೆಯದು ಸಿಲಿಕಾ: ಬಾದಾಮಿಯ ಮರಳುಗಲ್ಲಿನ ಕಣ ಕಣದಲ್ಲೂ ಇರುವುದು.

ಇವು ಮೂರೂ ಸಂಯುಕ್ತಗಳು ಎಂದು ಇವತ್ತು ಒಂಬತ್ತನೇ ತರಗತಿಯ ಹುಡುಗಿಗೂ ಗೊತ್ತು. ಲಾವೋಸಿಯೇ ಅಷ್ಟು ದೊಡ್ಡ ವಿಜ್ಞಾನಿ, ಅವರ ಪಟ್ಟಿಯಲ್ಲಿ ಯಾಕೆ ಇದ್ದವು? ಆ ಕಾಲದ ಒಲೆಯಲ್ಲಿ ಎಷ್ಟು ಕಾಯಿಸಿದರೂ ಇವು ಒಡೆಯುತ್ತಿರಲಿಲ್ಲ. ಒಡೆಯದ್ದನ್ನು ಒಡೆಯಲಿಲ್ಲ ಎಂದೇ ಬರೆದರು. ಜೊತೆಗೆ, ಈ ಮಣ್ಣುಗಳು ಬಹುಶಃ ಲೋಹ ಮತ್ತು ಆಕ್ಸಿಜನ್ ಕೂಡಿ ಆದವು, ಮುಂದೆ ಪಟ್ಟಿಯಿಂದ ಹೋಗಬಹುದು ಎಂಬ ಅನುಮಾನವನ್ನೂ ಹೇಳಿದ್ದರು. ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. 1794ರಲ್ಲಿ ಕ್ರಾಂತಿಯ ಗಲಾಟೆಯಲ್ಲಿ ಅವರ ತಲೆ ಕಡಿದರು. 1800ರಲ್ಲಿ ವೋಲ್ಟಾ ಬ್ಯಾಟರಿ ಬಂತು. 1808ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ ವಿದ್ಯುತ್ ಹರಿಸಿ ಸುಣ್ಣದಿಂದ ಕ್ಯಾಲ್ಸಿಯಂ ಎಂಬ ಲೋಹ ತೆಗೆದರು. ಸಿಲಿಕಾ, ಅಲ್ಯೂಮಿನಾಗಳಿಂದಲೂ ಸಿಲಿಕಾನ್, ಅಲ್ಯೂಮಿನಿಯಂಗಳನ್ನು 1820ರ ದಶಕದಲ್ಲಿ ಬಿಡಿಸಿದರು. ಲಾವೋಸಿಯೇ ಅನುಮಾನ ನಿಜವಾಯಿತು.

ಹಾಗಾದರೆ ಇವತ್ತಿನ 118 ಧಾತುಗಳೂ ನಾಳೆ ಒಡೆಯಬಹುದಾ? ಈ ಪ್ರಶ್ನೆಯನ್ನು ಮಕ್ಕಳು ಕೇಳಬೇಕು. ಉತ್ತರವೂ ಇದೆ. 1913ರಲ್ಲಿ ಹೆನ್ರಿ ಮೋಸ್ಲಿ ಎಂಬ ಇಂಗ್ಲೆಂಡಿನ ಯುವಕ ಬೇರೆ ಬೇರೆ ಧಾತುಗಳು ಸೂಸುವ ಎಕ್ಸ್-ಕಿರಣಗಳನ್ನು ಅಳೆದರು. ಪ್ರತಿ ಧಾತುವಿಗೂ ಒಂದು ಪೂರ್ಣ ಸಂಖ್ಯೆ ಇರುವುದು ಅದರಿಂದ ಖಚಿತವಾಯಿತು. ಅದು ಪರಮಾಣುವಿನ ನಡುವಿನ ಬೀಜದಲ್ಲಿರುವ ಪ್ರೋಟಾನ್‌ಗಳ ಎಣಿಕೆ. ಒಡೆಯಲು ಆಗಲಿಲ್ಲ ಎನ್ನುವ ಹಳೆಯ ಪರೀಕ್ಷೆಯ ಜಾಗಕ್ಕೆ ಎಣಿಸಿ ಹೇಳುವ ಪರೀಕ್ಷೆ ಬಂತು. ಅಲ್ಯೂಮಿನಿಯಂ 13, ಸಿಲಿಕಾನ್ 14, ಕ್ಯಾಲ್ಸಿಯಂ 20. ಹದಿಮೂರಕ್ಕೂ ಹದಿನಾಲ್ಕಕ್ಕೂ ನಡುವೆ ಇನ್ನೊಂದು ಧಾತು ಇರಲು ಜಾಗವೇ ಇಲ್ಲ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ. ಮೊದಲು ಮಕ್ಕಳು, ಆಮೇಲೆ ದೊಡ್ಡವರು.